ಧಾರಾವಾಹಿಯೋ, ಚಲನಚಿತ್ರವೋ?

ಪೂರ್ವದಲ್ಲಿ ದಂಡುಪ್ರದೇಶದ ಜನರು ಯಾವ ಚಿತ್ರವನ್ನು ನೋಡಬೇಕೆಂಬುದನ್ನು ಪ್ಲಾಜಾ, ರೆಕ್ಸ್, ಲಿಡೊ ಮೊದಲಾದ ಚಿತ್ರಮಂದಿರಗಳೇ ನಿರ್ಣಯಿಸುತ್ತಿದ್ದುವು. ಪ್ಲಾಜಾ ಇದ್ದೆಡೆ ಮೆಟ್ರೊ ನಿಲ್ದಾಣವಾಯಿತು. ರೆಕ್ಸ್ 2018ರ ಅಂತ್ಯದಲ್ಲಿ ಬಾಗಿಲು ಮುಚ್ಚಿತು. ಈಗ ಹಲಸೂರು, ಇಂದಿರಾನಗರ, ಕೃಷ್ಣರಾಜಪುರಗಳಲ್ಲಿ ಆ ಭಾರವು ಮನೆಯವರ ಮೇಲೆಯೇ ಬಿದ್ದಿರುವುದು. ‘ನಿಯಾನ್ ಜೆನೆಸಿಸ್ ಇವ್ಯಾಂಗೆಲಿಯನ್’ ಎಂಬ ಜಪಾನೀ ಚಿತ್ರಕಥೆಯ ವಿಷಯದಲ್ಲಿ ತರುಣರು ಹಿರಿಯರ ಮುಂದಿಡುವ ಪ್ರಶ್ನೆಯು ವಿಚಾರಾರ್ಹವಾದುದು: ಮೂಲ ಧಾರಾವಾಹಿಯನ್ನು ನೋಡುವುದೋ, ಪುನಾರಚಿತವಾದ ಚಲನಚಿತ್ರಗಳನ್ನು ನೋಡುವುದೋ?

ಹಿದೆಆಕಿ ಆನ್ನೊ ಎಂಬ ನಿರ್ದೇಶಕನ ಈ ಧಾರಾವಾಹಿಯು 1995ರ ಅಕ್ಟೋಬರಿನಿಂದ 1996ರ ಮಾರ್ಚಿಯವರೆಗೆ 26 ಭಾಗಗಳಲ್ಲಿ ಪ್ರಸಾರವಾಯಿತು. ಆತನೇ ಅದೇ ವಸ್ತುವನ್ನು 2007, 2009, 2012, 2021ರಲ್ಲಿ ಬಂದ ನಾಲ್ಕು ಚಿತ್ರಗಳಾಗಿ ಮರಳಿ ಹೇಳಿದನು. ಮೊದಲನೆಯದಕ್ಕೆ ಹತ್ತು ಗಂಟೆಗೂ ಮಿಕ್ಕ ಕಾಲ ಬೇಕು. ಎರಡನೆಯದಕ್ಕೆ ಎಂಟು ಗಂಟೆ ಸಾಕು. ಆದರೆ ಕಾವ್ಯವನ್ನು ಗಂಟೆಗಳಿಂದ ಅಳೆಯುವುದು ಸಹೃದಯರ ಲಕ್ಷಣವಲ್ಲ.

ಒಂದೇ ಕಥೆಯನ್ನು ಮರಳಿ ಹೇಳುವುದು ನಮ್ಮವರಿಗೆ ಹೊಸತಲ್ಲ. ಮಹಾಭಾರತದ ಶಕುಂತಲೋಪಾಖ್ಯಾನದಲ್ಲಿ ಉಂಗುರವಿಲ್ಲ, ದೂರ್ವಾಸರ ಶಾಪವೂ ಇಲ್ಲ. ದೊರೆಯು ಬಲ್ಲವನಾಗಿದ್ದೂ ಸತಿಯನ್ನು ನಿರಾಕರಿಸುವನು. ಕಾಳಿದಾಸನು ಶಾಪವನ್ನು ತಂದು ರಸದ ಗತಿಯನ್ನೇ ಬದಲಿಸಿದನು. ಆದಕಾರಣ ಪುನಾರಚನೆಯನ್ನು ಕುರಿತು ಕೇಳಬೇಕಾದ ಪ್ರಶ್ನೆಯೊಂದೇ: ಅದು ಮೂಲವನ್ನು ಮೊಟಕುಮಾಡಿತೇ, ಅಥವಾ ಹೊಸ ಅರ್ಥವನ್ನು ಕೊಟ್ಟಿತೇ?

ಕಥಾನಾಯಕನಾದ ಶಿಂಜಿ ಹದಿನಾಲ್ಕು ವರ್ಷದ ಹುಡುಗ. ದೂರವಿಟ್ಟಿದ್ದ ತಂದೆಯು ಅವನನ್ನು ಕರೆಸಿಕೊಳ್ಳುವುದು ವಾತ್ಸಲ್ಯದಿಂದಲ್ಲ, ಯುದ್ಧಯಂತ್ರವನ್ನು ನಡೆಸುವುದಕ್ಕಾಗಿ. ಧಾರಾವಾಹಿಯ ನಾಲ್ಕನೆಯ ಭಾಗದಲ್ಲಿ ಅವನು ಮನೆಬಿಟ್ಟು ಅಲೆಯುವನು. ಕಡೆಗೆ ನಿಲ್ದಾಣದಲ್ಲಿ ರೈಲನ್ನು ಹತ್ತದೆ ನಿಲ್ಲುವನು. ಅವನನ್ನು ಸಾಕುವ ಹೆಂಗಸೂ ಅವನೂ ಬಹಳ ಹೊತ್ತು ಮಾತಿಲ್ಲದೆ ನಿಂತು, ಅನಂತರ ಮನೆಗೆ ಮರಳಿದವರು ಆಡುವ ಸಾಮಾನ್ಯವಾದ ಮಾತನ್ನಾಡುವರು. ಕರುಣವು ಆ ಮೌನದಲ್ಲಿಯೇ ಇರುವುದು. ಮೊದಲ ಚಲನಚಿತ್ರವು ಆರು ಭಾಗಗಳ ಕಥೆಯನ್ನು ಅಡಕಮಾಡುವ ಅವಸರದಲ್ಲಿ ಈ ಅಲೆದಾಟವನ್ನು ಕುಗ್ಗಿಸಿದೆ. ಚಿತ್ರವು ಮನೋಹರವಾಯಿತು, ಹುಡುಗನ ಒಂಟಿತನವು ತೆಳುವಾಯಿತು.

ಮೂಲವೂ ನಿರ್ದೋಷವಲ್ಲ. ಕಡೆಯ ಎರಡು ಭಾಗಗಳು ಹೊರಗಿನ ಕಥೆಯನ್ನು ಬಿಟ್ಟು ಮನಸ್ಸಿನೊಳಗೇ ಸುತ್ತುವುವು. 1997ರಲ್ಲಿ ಬೇರೊಂದು ಮುಕ್ತಾಯವನ್ನು ಚಿತ್ರವಾಗಿ ಕೊಡಬೇಕಾಯಿತು. ಅದಕ್ಕೆ ಪ್ರತಿಯಾಗಿ, 2021ರ ನಾಲ್ಕನೆಯ ಚಿತ್ರದಲ್ಲಿ ತಂದೆಯು ಮಗನೆದುರು ತನ್ನ ಹೃದಯವನ್ನು ತೆರೆಯುವನು. ಮಗನು ಬೆಳೆದು ಹೊರಪ್ರಪಂಚಕ್ಕೆ ಕಾಲಿಡುವನು. ಇದು ಮೊಟಕಲ್ಲ, ಹೊಸ ಅರ್ಥ. ಆದರೆ ಹಿಂದಿನ 26 ಭಾಗಗಳ ದುಃಖವನ್ನು ಉಣ್ಣದವರಿಗೆ ಈ ಕ್ಷಮೆಯು ಅಗ್ಗವಾಗಿ ತೋರುವುದು.

ಆದುದರಿಂದ ಮೊದಲು ಧಾರಾವಾಹಿ, ಅನಂತರ 1997ರ ಚಿತ್ರ, ಕಡೆಗೆ ಪುನಾರಚನೆ: ಇದೇ ಯುಕ್ತವಾದ ಕ್ರಮ. ಹಿಂಸೆಯೂ ಹತಾಶೆಯೂ ತುಂಬಿರುವುದರಿಂದ ಚಿಕ್ಕ ಮಕ್ಕಳಿಗೆ ಇದು ಸಲ್ಲದು. ಪ್ರಾಯಕ್ಕೆ ಬಂದ ಮಗನೊಡನೆ ತಂದೆಯೂ ಕುಳಿತು ನೋಡುವುದಾದರೆ, ಪರದೆಯ ಮೇಲಿನ ತಂದೆಯು ಅಷ್ಟು ತಡವಾಗಿ ಆಡಿದ ಮಾತನ್ನು ಮನೆಯ ತಂದೆಯು ಹೊತ್ತಿಗೆ ಸರಿಯಾಗಿ ಆಡಿಯಾನು.