ಮ್ಯೂಂಟರಳ ‘ಚಿಂತಾಮಗ್ನೆ’

ಜರ್ಮನಿಯ ಚಿತ್ರಕರ್ತ್ರಿ ಗಾಬ್ರಿಯೇಲೆ ಮ್ಯೂಂಟರ್ (1877–1962) 1917ರಲ್ಲಿ ರಚಿಸಿದ ‘ಚಿಂತಾಮಗ್ನೆ’ಯೆಂಬ ಪಟವು ಮ್ಯೂನಿಕ್ ನಗರದ ಲೆನ್‌ಬಾಖ್‌ಹೌಸ್ ಚಿತ್ರಶಾಲೆಯಲ್ಲಿದೆ. ತಲೆಯನ್ನು ಕೈಗಾನಿಸಿ ಕುಳಿತ ತರುಣಿ. ಅವಳ ಹಿಂದೆ ಮೇಜು, ಹಣ್ಣು, ಹೂ. ಪಟದಲ್ಲಿ ಕಥೆಯೆಂಬುದೇನೂ ಇಲ್ಲ.

ಕಥೆಯಿಲ್ಲದೆಡೆಗೆ ನೋಟಕರು ಹೊರಗಿನಿಂದ ಕಥೆಯನ್ನು ತಂದು ತುಂಬುವುದುಂಟು. ಈಕೆಗೆ ಗುರುವೂ ಸಂಗಾತಿಯೂ ಆಗಿದ್ದ ಕಾಂಡಿನ್‌ಸ್ಕಿ 1916ರಲ್ಲಿ ಸ್ಟಾಕ್‌ಹೋಮಿನಿಂದ ಹೊರಟು ಹೋದವನು ಮರಳಿ ಬರಲಿಲ್ಲ. ಮರುವರ್ಷ ರಷ್ಯದಲ್ಲಿ ಬೇರೊಬ್ಬಳನ್ನು ವಿವಾಹವಾದನು. ಆದುದರಿಂದ ಈ ಮುಖದಲ್ಲಿರುವುದು ಚಿತ್ರಕರ್ತ್ರಿಯ ವಿರಹವೇ ಎಂದು ನಿರ್ಣಯಿಸುವುದು ಸುಲಭ; ಆದರೆ ಸುಲಭವಾದುದೆಲ್ಲವೂ ಸಮರ್ಪಕವಲ್ಲ. ಎದುರಿಗೆ ಕುಳಿತಿದ್ದವಳು ಅನ್ಯ ಸ್ತ್ರೀ. ಪಟಕ್ಕಿತ್ತ ಹೆಸರಾದರೋ ಇವರಿಬ್ಬರಲ್ಲಿ ಯಾರದೂ ಅಲ್ಲ. ಅದು ಮನಸ್ಸಿನ ಒಂದು ಸ್ಥಿತಿಯ ಹೆಸರು.

ಕಾವ್ಯದ ವಿರಹಿಣಿಯಲ್ಲಿ ಬಾಡಿದ ಮೈಯನ್ನೂ ಜಾರುವ ಬಳೆಯನ್ನೂ ಕಂಡವರಿಗೆ ಇಲ್ಲಿ ಅಂಥದೊಂದೂ ದೊರೆಯದು. ಕಣ್ಣೀರಿಲ್ಲ, ಕಾತರವಿಲ್ಲ. ಬವೇರಿಯದ ಮೂರ್ನೌ ಊರಿನಲ್ಲಿದ್ದಾಗ ಗಾಜಿನ ಮೇಲಣ ಜಾನಪದ ಚಿತ್ರಗಳಿಂದ ಈಕೆ ಕಲಿತ ಸರಳ ರೇಖೆಯೂ ಸಮತಲವಾದ ವರ್ಣವೂ ಅಳಲನ್ನು ಹಿಗ್ಗಿಸುವ ಸಾಧನಗಳಲ್ಲ. ಅದನ್ನು ಅಂಕೆಯಲ್ಲಿಡುವ ಸಾಧನಗಳು. ಅಭಿವ್ಯಕ್ತಿವಾದವೆಂದರೆ ಆಕ್ರಂದನವೇ ಎಂದು ತಿಳಿದವರು ಇದನ್ನು ನೋಡಬೇಕು. ಹಿನ್ನೆಲೆಯ ಹಣ್ಣುಹೂಗಳು ಮೌನವಾಗಿರುವಂತೆಯೇ ಮುಖವೂ ಮೌನವಾಗಿದೆ.

ಚಿತ್ರಕರ್ತ್ರಿಯ ದುಃಖವು ಕುಂಚಕ್ಕೆ ಪ್ರೇರಣೆಯಾಗಿದ್ದಿರಬಹುದು. ಆದರೂ ಅದನ್ನೇ ಅರ್ಥವೆಂದು ಎಣಿಸಿದರೆ, ಹೆಣ್ಣಾದವಳು ಗಂಡಸಿನ ವಿಷಯವಲ್ಲದೆ ಬೇರೇನನ್ನೂ ಯೋಚಿಸಲಾರಳೆಂದು ಒಪ್ಪಿದಂತಾಗುವುದು. ಪಟವು ಅದನ್ನು ಒಪ್ಪುವುದಿಲ್ಲ. ಅವಳ ಚಿಂತೆ ಏನೆಂಬುದನ್ನು ಹೇಳದೆ ಅದನ್ನು ಅವಳಿಗೇ ಬಿಟ್ಟುಕೊಟ್ಟಿದೆ. ಅದರ ಹಿರಿಮೆ ಇರುವುದು ಇಲ್ಲಿಯೇ.