ಮೊದಲ ಸಾಲಿಗೆ ಡಾಲ್ಫಿನ್ ಬರಲಿ

ಹಳೇ ಕಾರುಗಳ ಪ್ರದರ್ಶನಕ್ಕೆ ನಮ್ಮ ಜನ ಹೋಗುವುದು ಹನ್ನೊಂದು ಗಂಟೆಯ ಮೇಲೆ. ತಿಂಡಿ ಮುಗಿಸಿ, ಮಕ್ಕಳನ್ನು ಹೊರಡಿಸಿಕೊಂಡು ಬರುವಷ್ಟರಲ್ಲಿ ಕಾರುಗಳೆಲ್ಲ ಸಾಲಾಗಿ ನಿಂತು, ಆರತಕ್ಷತೆಯ ಗಂಡು ಹೆಣ್ಣಿನ ಹಾಗೆ ಬಂದವರೊಂದಿಗೆಲ್ಲ ಫೋಟೋ ತೆಗೆಸಿಕೊಳ್ಳುತ್ತಿರುತ್ತವೆ. ನೋಡಬೇಕಾದದ್ದು ಅಷ್ಟು ಹೊತ್ತಿಗೆ ಮುಗಿದೇ ಹೋಗಿರುತ್ತದೆ. ಏಳು ಗಂಟೆಗೇ ಹೋಗಿ ಗೇಟಿನ ಪಕ್ಕ ನಿಂತುಕೊಳ್ಳಿ. ಯಾವುದು ತಾನೇ ಓಡಿಕೊಂಡು ಬಂತು, ಯಾವುದನ್ನು ಲಾರಿಯ ಮೇಲೆ ಹೊತ್ತು ತಂದರು, ಯಾವುದನ್ನು ನಾಲ್ಕು ಜನ ತಳ್ಳಿದರು ಎಂಬುದು ಅಲ್ಲೇ ಗೊತ್ತಾಗುತ್ತದೆ. ಬಹುಮಾನ ಕೊಡುವ ತೀರ್ಪುಗಾರರಿಗೂ ಈ ಹೊತ್ತಿನಲ್ಲಿ ಗೇಟಿನಲ್ಲಿ ಒಂದು ಕುರ್ಚಿ ಹಾಕಬೇಕು ಅನ್ನುವುದು ನನ್ನ ಹಳೇ ತಕರಾರು.

ಕಳೆದ ಭಾನುವಾರ ಬೆಂಗಳೂರಿನ ಕ್ಲಬ್ಬೊಂದರ ಪ್ರದರ್ಶನಕ್ಕೆ ಎಲ್ಲರಿಗಿಂತ ಮೊದಲು ಸದ್ದು ಮಾಡುತ್ತ ಬಂದದ್ದು ಫೋರ್ಡ್ ಮಾಡೆಲ್ ಟಿ. 1908ರಿಂದ 1927ರವರೆಗೆ ತಯಾರಾದ, ಒಂದೂವರೆ ಕೋಟಿಗೂ ಮಿಕ್ಕಿ ಹೊರಬಂದ ಗಾಡಿ. ಇವತ್ತು ಎಂಥ ನುರಿತ ಡ್ರೈವರನ್ನು ಕೂರಿಸಿದರೂ ಅದನ್ನು ಗೇಟು ದಾಟಿಸಲಾರ. ಎಡಗಾಲಿನ ಪೆಡಲನ್ನು ಪೂರ್ತಿ ಒತ್ತಿದರೆ ಲೋ ಗೇರು, ಹ್ಯಾಂಡ್‌ಬ್ರೇಕ್ ಇಳಿಸಿ ಕಾಲು ತೆಗೆದರೆ ಹೈ ಗೇರು. ನಡುವಿನ ಪೆಡಲ್ ರಿವರ್ಸ್. ಬಲಗಡೆಯದು ಬ್ರೇಕು. ಆಕ್ಸಿಲರೇಟರ್ ಕಾಲಿಗೆ ಸಿಗುವುದೇ ಇಲ್ಲ, ಅದು ಸ್ಟೀರಿಂಗ್ ಕೆಳಗಿನ ಒಂದು ಕಡ್ಡಿ. ಅದರ ಹಿಂದೆ ಬಂದ ಮಾರಿಸ್ ಮೈನರ್ ತಿರುಗುವಾಗ, ಬಾಗಿಲ ಪಕ್ಕದ ಕಂಬದಿಂದ ಬೆರಳುದ್ದದ ಕಿತ್ತಳೆ ಬಣ್ಣದ ಪಟ್ಟಿಯೊಂದು ಹೊರಗೆ ಚಾಚಿತು. ಇಂಡಿಕೇಟರ್ ದೀಪ ಬರುವ ಮೊದಲಿನ ವ್ಯವಸ್ಥೆ. ಪಕ್ಕದಲ್ಲಿದ್ದ ಹುಡುಗನೊಬ್ಬ ಕಾರಿನ ಯಾವುದೋ ಭಾಗ ಕಳಚಿತೆಂದು ಗಾಬರಿಯಾದ.

ಸಾಲುಗಳನ್ನು ಇಸವಿಯ ಪ್ರಕಾರ ನೋಡುತ್ತ ನಡೆದರೆ ಒಂದು ಕಡೆ ಕತ್ತರಿ ಆಡಿಸಿದ್ದು ಕಾಣುತ್ತದೆ. 1950ರ ದಶಕದ ಆರಂಭದವರೆಗೆ ಷೆವರ್ಲೆ, ಬ್ಯೂಕ್, ಡಾಡ್ಜ್, ಪ್ಲಿಮತ್, ಸ್ಟೂಡಿಬೇಕರ್, ಆಸ್ಟಿನ್ ಎಲ್ಲವೂ ಇವೆ. ಆಮೇಲೆ ಇದ್ದಕ್ಕಿದ್ದಂತೆ ಮೂರೇ ಮುಖಗಳು. ಕಾರಣ ರುಚಿಯಲ್ಲ, ಕಾನೂನು. ಬಿಡಿಭಾಗ ತರಿಸಿ ಇಲ್ಲಿ ಜೋಡಿಸುವವರಿಗೆ ಇನ್ನು ಅವಕಾಶ ಬೇಡ, ಇಲ್ಲೇ ತಯಾರಿಸುವ ಯೋಜನೆ ಇದ್ದವರು ಮಾತ್ರ ಉಳಿಯಲಿ ಎಂದು 1953ರಲ್ಲಿ ಸುಂಕ ಆಯೋಗ ಹೇಳಿತು. ಜನರಲ್ ಮೋಟರ್ಸ್, ಫೋರ್ಡ್ ಗಂಟುಮೂಟೆ ಕಟ್ಟಿದವು. ನಮ್ಮ ಪಾಲಿಗೆ ಉಳಿದದ್ದು ಕೋಲ್ಕತ್ತ ಸಮೀಪದ ಉತ್ತರಪಾರಾದ ಅಂಬಾಸಿಡರ್, ಮುಂಬೈ ಕುರ್ಲಾದ ಫಿಯೆಟ್, ಚೆನ್ನೈ ಹೊರವಲಯದ ವಂಡಲೂರಿನ ಸ್ಟ್ಯಾಂಡರ್ಡ್ ಹೆರಾಲ್ಡ್.

ಈ ಮೂರರಲ್ಲಿ ಅಂಬಾಸಿಡರ್ ಬಗ್ಗೆ ಎಲ್ಲರೂ ಬರೆದಿದ್ದಾರೆ, ನಾನು ಬಿಡುತ್ತೇನೆ. 2014ರವರೆಗೂ ತಯಾರಾದ ಕಾರು ಅದು, ಮರೆಯಲು ನಮಗಿನ್ನೂ ಪುರುಸೊತ್ತು ಸಿಕ್ಕಿಲ್ಲ. ಫಿಯೆಟ್ಟಿನ ಬಾನೆಟ್ ತೆರೆದವರು ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿಕೊಂಡು ಘಾಟಿ ಹತ್ತಿದ ಕಥೆ ಹೇಳದೆ ಬಿಡುವುದಿಲ್ಲ. ನನ್ನ ಪಕ್ಷಪಾತ ಹೆರಾಲ್ಡ್ ಕಡೆಗೆ. ಇಟಲಿಯ ಜೊವಾನ್ನಿ ಮಿಕೆಲೊಟ್ಟಿ ಬರೆದ ರೇಖೆಗಳು ಇವತ್ತಿಗೂ ಚೂಪಾಗಿವೆ. ಮಡ್‌ಗಾರ್ಡ್ ಸಮೇತ ಇಡೀ ಮೂತಿ ಮುಂದಕ್ಕೆ ಬಾಗಿ ತೆರೆದುಕೊಳ್ಳುತ್ತದೆ. ಮೆಕ್ಯಾನಿಕ್ ಬೆನ್ನು ಬಗ್ಗಿಸಬೇಕಿಲ್ಲ, ಮುಂದಿನ ಟಯರಿನ ಮೇಲೆ ಕೂತೇ ಎಂಜಿನ್ ಬಿಚ್ಚಬಹುದು. 25 ಅಡಿ ವ್ಯಾಸದ ಜಾಗ ಸಿಕ್ಕರೆ ಸಾಕು, ಪೂರ್ತಿ ಒಂದು ಸುತ್ತು ತಿರುಗುತ್ತದೆ. ಇಂಗ್ಲೆಂಡಿನಲ್ಲಿ ಎರಡೇ ಬಾಗಿಲಿದ್ದ ಹೆರಾಲ್ಡಿಗೆ ನಾಲ್ಕು ಬಾಗಿಲು ಇಟ್ಟದ್ದು ವಂಡಲೂರಿನವರ ಕೈಚಳಕ. ಹಿಂದಿನ ಸೀಟಿನಲ್ಲಿ ಅಜ್ಜಿ ಕೂರದ ಕಾರು ನಮ್ಮಲ್ಲಿ ಮಾರಾಟವಾಗದು ಎಂದು ಅವರಿಗೆ ತಿಳಿದಿತ್ತು.

ಮೊದಲ ಸಾರಿ ಪ್ರದರ್ಶನ ನೋಡುವವರು ಹೊಳಪಿಗೆ ಮರುಳಾಗುತ್ತಾರೆ. ಕನ್ನಡಿಯಂತೆ ಮಿಂಚುವ ಕಾರನ್ನು ಕಂಡರೆ ನನಗಂತೂ ಅನುಮಾನ. ಆ ಕಾಲದ ಡ್ಯೂಕೋ ಬಣ್ಣಕ್ಕೆ ಅಷ್ಟೊಂದು ಹೊಳಪಿರಲಿಲ್ಲ. ಬಾಗಿಲ ಸಂದು ಮೇಲಿನಿಂದ ಕೆಳಗಿನವರೆಗೆ ಒಂದೇ ಅಗಲ ಇದೆಯೇ ನೋಡಿ, ಇಲ್ಲವಾದರೆ ಟಿಂಕರಿಂಗ್ ಮಾಡಿದವನು ಪುಟ್ಟಿ ಮೆತ್ತಿ ಕೈ ತೊಳೆದಿದ್ದಾನೆ. ಬಗ್ಗಿ ಅಡಿಯಲ್ಲೂ ಕಣ್ಣಾಡಿಸಿ. ಇಷ್ಟು ವಯಸ್ಸಾದ ಎಂಜಿನ್ ಕೆಳಗೆ ಎರಡು ತೊಟ್ಟು ಆಯಿಲ್ ಬಿದ್ದಿದ್ದರೆ ಅದು ಆರೋಗ್ಯದ ಲಕ್ಷಣವೇ, ಕಾರು ಓಡುತ್ತಿದೆ ಎಂದರ್ಥ. ನಂಬರ್ ಪ್ಲೇಟನ್ನೂ ಓದಿ. ಎಂವೈ ಎಂದು ಶುರುವಾದರೆ ಅದು ಮೈಸೂರು ರಾಜ್ಯದ ದಿನಗಳ ನೋಂದಣಿ, ಕೆಎ ಆಮೇಲಿನದು. ಸೀಟಿನ ರೆಕ್ಸಿನ್ ಹರಿದಿದ್ದು, ಹಳೇ ನಂಬರು ಉಳಿದಿದ್ದು, ಮುದುಕರೊಬ್ಬರು ಓಡಿಸಿಕೊಂಡು ಬಂದ ಕಾರಿನ ಮುಂದೆ ನಾನು ಹೆಚ್ಚು ಹೊತ್ತು ನಿಲ್ಲುತ್ತೇನೆ. ನಿಂತೇ ಇರುವ ಕಾರುಗಳನ್ನು ನೋಡಬೇಕೆಂದಿದ್ದರೆ ಧರ್ಮಸ್ಥಳದ ಮಂಜೂಷಾ ಇದೆ, ಶ್ರೀರಂಗಪಟ್ಟಣದ ಬಳಿ ‘ಪಯಣ’ ಇದೆ. ಎರಡೂ ಸೊಗಸಾಗಿವೆ, ಬಿಡುವಾದಾಗ ಹೋಗಿ ಬನ್ನಿ. ಆದರೆ ಅಲ್ಲಿ ಪೆಟ್ರೋಲ್ ವಾಸನೆ ಸಿಗದು.

ಇಷ್ಟೆಲ್ಲ ನೋಡಿದ ಮೇಲೆ, ಮೈದಾನದ ಹಿಂದುಗಡೆ, ಬಂದವರ ಸ್ಕೂಟರ್‌ಗಳ ನಡುವೆ ನಿಂತಿದ್ದ ಪುಟ್ಟ ಕಾರೊಂದು ಕಣ್ಣಿಗೆ ಬಿತ್ತು. ಸಿಪಾನಿ ಡಾಲ್ಫಿನ್! ಆ ದಿನ ಅಲ್ಲಿದ್ದ ಕಾರುಗಳ ಪೈಕಿ ಬೆಂಗಳೂರಿನಲ್ಲೇ ಹುಟ್ಟಿದ್ದು ಅದೊಂದೇ. ಅದಕ್ಕೇ ಮೈದಾನದೊಳಗೆ ಜಾಗ ಇಲ್ಲ.

ಇದೇ ಸಿಪಾನಿ ಮನೆತನದವರು 1970ರ ದಶಕದಲ್ಲಿ ಮೂರು ಚಕ್ರದ, ಫೈಬರ್ ಮೈಯ ಬಾದಲ್ ಎಂಬ ವಿಚಿತ್ರವನ್ನು ರಸ್ತೆಗಿಳಿಸಿದ್ದರು. ಮುಂದೊಂದು ಚಕ್ರ, ಹಿಂದೆರಡು, ಎಂಜಿನ್ ಹಿಂದುಗಡೆ. 1982ರಲ್ಲಿ ಬಂದ ಡಾಲ್ಫಿನ್ ಹಾಗಲ್ಲ, ಸರಿಯಾದ ಕಾರು. ಇಂಗ್ಲೆಂಡಿನ ರಿಲಯಂಟ್ ಕಂಪನಿಯ ಕಿಟನ್ ಮಾದರಿಯದು. 848 ಸಿಸಿಯ ಅಲ್ಯುಮಿನಿಯಂ ಎಂಜಿನ್, ಫೈಬರ್ ಬಾಡಿ, ಎರಡು ಬಾಗಿಲು. ಹಗುರ, ಚುರುಕು. ಆದರೆ 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. ಅದರ ಎದುರು ಇದರ ಆಟ ನಡೆಯಲಿಲ್ಲ. ಕಿಟಕಿಯಿಂದ ಇಣುಕುತ್ತಿದ್ದ ನನ್ನನ್ನು ಕಂಡು ಮಾಲೀಕರು ಬಂದರು. ‘ಬಾಡಿ ತುಕ್ಕು ಹಿಡಿಯೋ ಮಾತೇ ಇಲ್ಲ ಸಾರ್. ಬಿರುಕು ಬಿಟ್ರೆ ನಾನೇ ಮ್ಯಾಟು, ರೆಸಿನ್ ಹಚ್ಚಿ ಸರಿಮಾಡ್ಕೋತೀನಿ. ಅಡಿಗಿರೋ ಚಾಸಿ ಕಬ್ಬಿಣ ನೋಡಿ, ಅದನ್ನ ಕಾಯ್ಬೇಕು. ಮುಂದಿನ ಗಾಜು ಒಡೆದ್ರಂತೂ ಕತೆ ಮುಗೀತು’ ಅಂದರು. ಒಳಗೆ ಯಾಕೆ ನಿಲ್ಲಿಸಲಿಲ್ಲ ಎಂದೆ. ‘ಇನ್ನೂ ವಯಸ್ಸಾಗಿಲ್ವಂತೆ ಸಾರ್.’

ವಯಸ್ಸಿನ ಲೆಕ್ಕ ಹೀಗಿದೆ. 2021ರ ಕೇಂದ್ರ ನಿಯಮದ ಪ್ರಕಾರ ವಿಂಟೇಜ್ ಎನಿಸಿಕೊಳ್ಳಲು 50 ವರ್ಷ ದಾಟಿರಬೇಕು. ಚಾಸಿ, ಬಾಡಿ, ಎಂಜಿನ್‌ನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಹೊಸದಾಗಿ ನೋಂದಾಯಿಸಲು 20,000 ರೂಪಾಯಿ ಕಟ್ಟಿದರೆ ವಿಎ ಅಕ್ಷರಗಳ ಪ್ಲೇಟು, ಹತ್ತು ವರ್ಷದ ಅವಧಿ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸುವುದು ಇಂಥ ಕೆಲಸಗಳಿಗೆ ಮಾತ್ರ ಬೀದಿಗಿಳಿಸಬಹುದು. ಒಳ್ಳೆಯ ನಿಯಮವೇ. ಆದರೆ ಮೊಟ್ಟಮೊದಲ ಡಾಲ್ಫಿನ್ನಿಗೆ ಆ ಪಟ್ಟ ಸಿಗುವುದು 2032ರಲ್ಲಿ. ಅಂತರರಾಷ್ಟ್ರೀಯ ಹಳೇ ವಾಹನ ಒಕ್ಕೂಟವಾದ ಫಿವಾ 30 ವರ್ಷಕ್ಕೇ ಐತಿಹಾಸಿಕ ವಾಹನವೆಂದು ಒಪ್ಪುತ್ತದೆ. ಸರ್ಕಾರದ ನಿಯಮ ನೋಂದಣಿಗೆ. ಮೈದಾನದಲ್ಲಿ ಯಾರನ್ನು ಎಲ್ಲಿ ನಿಲ್ಲಿಸಬೇಕೆಂಬುದು ಕ್ಲಬ್ಬಿನವರ ಕೈಯಲ್ಲೇ ಇದೆ. ಮಹಾರಾಜರ ಕಾರುಗಳನ್ನು ಕಾಯಲು ಹಣವಂತರಿದ್ದಾರೆ, ಅವುಗಳ ಚಿಂತೆ ನನಗಿಲ್ಲ. ಕಾನೂನಿನ ವಯಸ್ಸು ಬರುವವರೆಗೆ ಗುಜರಿಯಿಂದ ತಪ್ಪಿಸಿಕೊಳ್ಳಬೇಕಾದವು ಡಾಲ್ಫಿನ್‌ನಂಥವು.

ಮುಂದಿನ ಪ್ರದರ್ಶನದಲ್ಲಿ ಬೆಂಗಳೂರಿನ ಕಾರುಗಳಿಗೆಂದೇ ಒಂದು ಸಾಲು ಬಿಡಿ ಎಂದು ಕ್ಲಬ್ಬುಗಳವರನ್ನು ಕೇಳಿಕೊಳ್ಳುತ್ತೇನೆ. ಬಾದಲ್, ಡಾಲ್ಫಿನ್, ಅದರ ತಮ್ಮ ಮೊಂಟಾನ, 2001ರ ವಿದ್ಯುತ್ ಕಾರು ರೇವಾ, ಎಲ್ಲವೂ ನಿಲ್ಲಲಿ. ಓದುಗರಲ್ಲಿ ಯಾರದಾದರೂ ಶೆಡ್ಡಿನಲ್ಲಿ, ತೋಟದ ಮನೆಯ ಹಿಂದೆ ಇಂಥದ್ದೊಂದು ಬಿದ್ದಿದ್ದರೆ ತೂಕಕ್ಕೆ ಹಾಕಬೇಡಿ. ಆರ್‌ಸಿ ಪುಸ್ತಕ ಕಳೆದಿದ್ದರೆ ಮೊದಲು ನಕಲು ಪ್ರತಿಗೆ ಅರ್ಜಿ ಹಾಕಿ. ಗಾಡಿ ತೊಳೆಯುವ ಕೆಲಸ ಆಮೇಲೆ ಆದೀತು.