ಗುಂಡಿನ ವಿನ್ಯಾಸವೂ ಅನರ್ಥದಂಡ ವಿರತಿಯೂ

ಶ್ರಾವಕನ ಹನ್ನೆರಡು ವ್ರತಗಳಲ್ಲಿ ಅನರ್ಥದಂಡ ವಿರತಿಯೂ ಒಂದು. ಪ್ರಯೋಜನವಿಲ್ಲದೆ ಜೀವಿಗಳಿಗೆ ಉಂಟುಮಾಡುವ ಪೀಡೆಯನ್ನು ತೊರೆಯುವುದೇ ಅದರ ಸಾರ. ಪಾಶ್ಚಾತ್ಯ ರಾಷ್ಟ್ರಗಳು ರೂಪಿಸಿದ ಯುದ್ಧನಿಯಮಗಳಲ್ಲಿಯೂ ಇದನ್ನೇ ಹೋಲುವ ಒಂದು ತತ್ತ್ವವಿದೆ: ಶತ್ರುವಿಗೆ ಅನವಶ್ಯಕ ವೇದನೆಯನ್ನು ಕೊಡಬಾರದು ಎಂಬುದು. ಮೇಲ್ನೋಟಕ್ಕೆ ಎರಡೂ ಒಂದೇ ಎನಿಸುತ್ತವೆ. ಆದರೆ ಬಂದೂಕಿನ ಗುಂಡು ಹೇಗೆ ಹೇಗೆ ರೂಪ ತಳೆಯಿತೆಂಬ ಇತಿಹಾಸವನ್ನು ಈ ನಿಯಮಗಳೊಡನೆ ಇಟ್ಟು ಓದಿದಾಗ ಎರಡರ ನಡುವಣ ಅಂತರ ತಿಳಿಯುತ್ತದೆ. ಈ ಅಂತರವು ಪಂಡಿತರ ಚರ್ಚೆಗೆ ಮಾತ್ರ ಸೇರಿದ್ದಲ್ಲ; ನಮ್ಮ ಅಂಗಡಿಯ ಖಾತೆಗೂ ಬಸದಿಯ ನಿಧಿಗೂ ಸಂಬಂಧಿಸಿದ್ದು.

1863ರಲ್ಲಿ ರಷ್ಯಾದ ಸೇನೆಯು ಗಟ್ಟಿ ವಸ್ತುವಿಗೆ ತಾಗಿದರೆ ಸಿಡಿಯುವ ಗುಂಡೊಂದನ್ನು ಸಿದ್ಧಪಡಿಸಿತು. ಶತ್ರುವಿನ ಮದ್ದಿನ ಬಂಡಿಗಳನ್ನು ಸ್ಫೋಟಿಸುವುದು ಅದರ ಉದ್ದೇಶ. 1867ರಲ್ಲಿ ಅದನ್ನು ತಿದ್ದಿ, ಮೃದುವಾದ ವಸ್ತುವಿಗೆ ತಾಗಿದರೂ ಸಿಡಿಯುವಂತೆ ಮಾಡಲಾಯಿತು. ಮೃದುವಾದ ವಸ್ತುವೆಂದರೆ ಮನುಷ್ಯನ ಶರೀರವೂ ಆಯಿತಷ್ಟೆ. ಆಗ ರಷ್ಯಾದ ಸರ್ಕಾರವೇ ಹಿಂಜರಿದು ಇತರ ರಾಷ್ಟ್ರಗಳನ್ನು ಆಹ್ವಾನಿಸಿತು. 1868ರ ಡಿಸೆಂಬರಿನಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಸೇರಿದ ರಾಷ್ಟ್ರಗಳು, 400 ಗ್ರಾಂಗಿಂತ ಕಡಿಮೆ ತೂಕದ ಸ್ಫೋಟಕ ಗುಂಡುಗಳನ್ನು ಪರಸ್ಪರರ ಯುದ್ಧದಲ್ಲಿ ಬಳಸುವುದಿಲ್ಲವೆಂದು ಘೋಷಿಸಿದವು. ಶತ್ರುಸೈನ್ಯದ ಬಲವನ್ನು ಕುಂದಿಸುವುದೇ ಯುದ್ಧದ ನ್ಯಾಯವಾದ ಗುರಿ. ಅದನ್ನು ಮೀರಿ ಗಾಯಾಳುವಿನ ನೋವನ್ನು ವೃಥಾ ಹೆಚ್ಚಿಸುವ ಆಯುಧ ತಕ್ಕದ್ದಲ್ಲ ಎಂಬುದು ಆ ಘೋಷಣೆಯ ಅಭಿಪ್ರಾಯ.

ತಾನೇ ರೂಪಿಸಿದ ಆಯುಧವನ್ನು ತಾನೇ ತ್ಯಜಿಸಲು ಒಂದು ರಾಜ್ಯ ಮುಂದಾದುದು ಪ್ರಶಂಸಾರ್ಹವೇ ಸರಿ. ಆದರೂ ಆ ಘೋಷಣೆಯಲ್ಲಿ ಒಂದು ಮೂಲಭೂತ ದೋಷವಿದೆ. ಯಾವ ವೇದನೆ ಅವಶ್ಯಕ, ಯಾವುದು ಅನವಶ್ಯಕ ಎಂಬುದನ್ನು ಅಳೆಯುವ ತಕ್ಕಡಿಯು ಗುಂಡು ಹಾರಿಸುವವನ ಕೈಯಲ್ಲಿಯೇ ಉಳಿದಿದೆ. ಅವನ ಅವಶ್ಯಕತೆ ಬೆಳೆದಂತೆಲ್ಲ ವೇದನೆಯೂ ‘ಅವಶ್ಯಕ’ವಾಗುತ್ತ ಹೋಗುತ್ತದೆ. ವ್ಯಾಪಾರದಲ್ಲಿ ಪಳಗಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕೊಳ್ಳುವವನೇ ತೂಗಿದರೆ ಮುಳ್ಳು ಎತ್ತ ವಾಲುತ್ತದೆಂಬುದು ನಮಗೆ ಗೊತ್ತು.

ಹಾಗೆಯೇ ಆಯಿತು. ಕಲ್ಕತ್ತೆಯ ಬಳಿಯ ದಮ್‌ದಮ್‌ನಲ್ಲಿ ಬ್ರಿಟಿಷರ ಮದ್ದುಗುಂಡಿನ ಕಾರ್ಖಾನೆಯಿತ್ತು. ಆಗಿನ ‘ತ್ರೀ ನಾಟ್ ತ್ರೀ’ ಬಂದೂಕಿನ ಗುಂಡಿನಲ್ಲಿ ಸೀಸದ ತಿರುಳಿನ ಮೇಲೆ ತಾಮ್ರ-ನಿಕ್ಕಲ್ ಮಿಶ್ರಲೋಹದ ಕವಚವಿರುತ್ತಿತ್ತು. ಅದು ಶರೀರವನ್ನು ನೇರವಾಗಿ ತೂರಿ ಹೋಗುತ್ತದೆ, ಮುನ್ನುಗ್ಗುವವನನ್ನು ಕೆಡವುವುದಿಲ್ಲ ಎಂದು 1895ರ ಚಿತ್ರಾಲ್ ದಂಡಯಾತ್ರೆಯ ಬಳಿಕ ಸೈನಿಕಾಧಿಕಾರಿಗಳು ದೂರಿದರು. ಆ ಕಾರ್ಖಾನೆಯ ಮುಖ್ಯಸ್ಥನಾಗಿದ್ದ ಕ್ಯಾಪ್ಟನ್ ಬರ್ಟಿ-ಕ್ಲೇ ಕಂಡುಕೊಂಡ ಉಪಾಯ ಅತ್ಯಂತ ಸರಳವಾದುದು: ಗುಂಡಿನ ಮೊನೆಯಲ್ಲಿ ಕವಚವನ್ನು ಸ್ವಲ್ಪ ತೆಗೆದು ಸೀಸವನ್ನು ಬಯಲು ಮಾಡುವುದು. ಮೆದುವಾದ ಸೀಸವು ಶರೀರವನ್ನು ಹೊಕ್ಕೊಡನೆ ಅಣಬೆಯಂತೆ ಅರಳಿ, ಮಾಂಸವನ್ನೂ ಮೂಳೆಯನ್ನೂ ಛಿದ್ರಗೊಳಿಸುತ್ತಿತ್ತು. 1897-98ರಲ್ಲಿ ವಾಯವ್ಯ ಗಡಿಯ ತೀರಾಹ್ ಪ್ರದೇಶದಲ್ಲಿ ಪಠಾಣರ ಮೇಲೆ ಇದನ್ನು ಬಳಸಲಾಯಿತು.

1899ರ ಹೇಗ್ ಶಾಂತಿ ಸಮ್ಮೇಳನದಲ್ಲಿ ಇಂತಹ ಅರಳುವ ಗುಂಡುಗಳ ನಿಷೇಧ ಚರ್ಚೆಗೆ ಬಂದಿತು. ಬ್ರಿಟಿಷ್ ಪ್ರತಿನಿಧಿ ಸರ್ ಜಾನ್ ಆರ್ಡಾ ಅದನ್ನು ವಿರೋಧಿಸಿದನು. ನಾಗರಿಕ ಸೈನಿಕನು ಗುಂಡು ತಗುಲಿದಾಗ ತಾನು ಗಾಯಗೊಂಡೆನೆಂದು ಅರಿತು ನಿಲ್ಲುತ್ತಾನೆ, ಅನಾಗರಿಕನು ಹಲವು ಬಾರಿ ಗಾಯಗೊಂಡರೂ ನುಗ್ಗುತ್ತಲೇ ಇರುತ್ತಾನೆ ಎಂಬುದು ಅವನ ವಾದದ ಸಾರ. ಇಲ್ಲಿ ಅವಶ್ಯಕತೆಯ ಹೆಸರಿನಲ್ಲಿ ಮಾತಾಡುತ್ತಿರುವುದು ಮಾನ ಕಷಾಯವೆಂಬುದನ್ನು ಗುರುತಿಸಲು ಹೆಚ್ಚಿನ ಶಾಸ್ತ್ರಜ್ಞಾನ ಬೇಕಿಲ್ಲ. ಸಮ್ಮೇಳನದ ಬಹುಮತ ಆ ವಾದವನ್ನು ಒಪ್ಪದೆ ನಿಷೇಧವನ್ನು ಅಂಗೀಕರಿಸಿತು. ಬ್ರಿಟನ್ 1907ರಲ್ಲಿ ಅದಕ್ಕೆ ಸೇರಿತು.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. 1910ರಲ್ಲಿ ಅದೇ ಬಂದೂಕಿಗೆ ‘ಮಾರ್ಕ್ 7’ ಎಂಬ ಚೂಪುಮೊನೆಯ ಗುಂಡು ಬಂದಿತು. ಅದರ ಹೊರಕವಚಕ್ಕೆ ಮೊನೆಯಲ್ಲಿ ಯಾವ ಬಿರುಕೂ ಇರಲಿಲ್ಲ. ಒಳಗೆ ಮಾತ್ರ ಮೊನೆಯ ಭಾಗಕ್ಕೆ ಹಗುರವಾದ ಅಲ್ಯೂಮಿನಿಯಂ, ಹಿಂಭಾಗಕ್ಕೆ ಭಾರವಾದ ಸೀಸ. ಗಾಳಿಯಲ್ಲಿ ನೆಟ್ಟಗೆ ಸಾಗುತ್ತಿದ್ದ ಆ ಗುಂಡು ಶರೀರವನ್ನು ಹೊಕ್ಕಾಗ ಸಮತೋಲ ತಪ್ಪಿ ಅಡ್ಡಲಾಗಿ ಹೊರಳುತ್ತಿತ್ತು, ಗಾಯ ಹಿಗ್ಗುತ್ತಿತ್ತು. ಹೇಗ್ ಘೋಷಣೆಯ ಅಕ್ಷರಕ್ಕೆ ಇದು ಭಂಗವಲ್ಲ, ಏಕೆಂದರೆ ಗುಂಡು ಅರಳಲಿಲ್ಲ, ಚಪ್ಪಟೆಯಾಗಲಿಲ್ಲ. ಹೊರಗೆ ನಿಯಮಪಾಲನೆ, ಒಳಗೆ ನಿಷೇಧಿತ ಫಲ. ರೂಪಿಸಿದವರ ಮನಸ್ಸಿನಲ್ಲಿ ಏನಿತ್ತೆಂದು ನಾವು ನಿರ್ಣಯಿಸಲಾರೆವು. ಆದರೆ ವಸ್ತುವಿನ ಆಕಾರವನ್ನು ಮಾತ್ರ ನೋಡುವ ನಿಯಮವು ಮಾಯಾ ಕಷಾಯಕ್ಕೆ ಬಾಗಿಲು ತೆರೆದಿಡುತ್ತದೆಂಬುದು ಇದರಿಂದ ಸಿದ್ಧವಾಗುತ್ತದೆ.

ನಮ್ಮ ಆಚಾರ್ಯರ ವಿಚಾರಕ್ರಮ ಬೇರೆ. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಕರ್ಮಾಸ್ರವಕ್ಕೆ ಆಧಾರವಾದ ಅಧಿಕರಣಗಳನ್ನು ಉಮಾಸ್ವಾಮಿಗಳು ಎರಡಾಗಿ ವಿಂಗಡಿಸಿದ್ದಾರೆ. ಅಜೀವಾಧಿಕರಣದಲ್ಲಿ ಮೊದಲನೆಯದೇ ನಿರ್ವರ್ತನೆ, ಅಂದರೆ ಉಪಕರಣದ ನಿರ್ಮಾಣ. ಜೀವಾಧಿಕರಣದಲ್ಲಿ ಸಂಕಲ್ಪಿಸುವ ಸಂರಂಭ, ಸಾಮಗ್ರಿ ಒದಗಿಸುವ ಸಮಾರಂಭ, ಕಾರ್ಯಕ್ಕೆ ತೊಡಗುವ ಆರಂಭ ಎಂಬ ಮೂರು, ಮನ, ವಚನ, ಕಾಯ ಮೂರು, ಮಾಡುವುದು, ಮಾಡಿಸುವುದು, ಅನುಮೋದಿಸುವುದು ಮೂರು, ಕಷಾಯ ನಾಲ್ಕು. ಗುಣಿಸಿದರೆ 108. ನಾವು ದಿನವೂ ಎಣಿಸುವ ಜಪಮಾಲೆಯ ಮಣಿಗಳಿಗೆ ಹಿರಿಯರು ಹೇಳುವ ಅರ್ಥ ಇದೇ. ಈ ಲೆಕ್ಕದಲ್ಲಿ ಕುದುರೆ ಎಳೆದವನ ಬೆರಳು ಒಂದು ಮಣಿ ಮಾತ್ರ. ನಕ್ಷೆ ಬರೆದವನು, ಸೀಸ ಪೂರೈಸಿದವನು, ಲಾಭಾಂಶ ಪಡೆದು ಸುಮ್ಮನಿದ್ದವನು, ಎಲ್ಲರಿಗೂ ಅವರವರ ಮಣಿಗಳುಂಟು.

ಗೃಹಸ್ಥನಿಗೆ ವಿರೋಧಿ ಹಿಂಸೆಯನ್ನು ಪೂರ್ಣವಾಗಿ ನಿಷೇಧಿಸಿಲ್ಲವಷ್ಟೆ, ಗೊಮ್ಮಟೇಶ್ವರನನ್ನು ಪ್ರತಿಷ್ಠಾಪಿಸಿದ ಚಾವುಂಡರಾಯನೇ ಗಂಗರ ದಂಡನಾಯಕನಾಗಿದ್ದನಲ್ಲವೆ ಎಂದು ಕೇಳಬಹುದು. ಮಾತು ನಿಜ. ಗಡಿ ಕಾಯುವ ಯೋಧನನ್ನು ನಿಂದಿಸುವ ಅಧಿಕಾರ ಅವನ ರಕ್ಷಣೆಯಲ್ಲಿ ಮಲಗುವ ನಮಗಿಲ್ಲ. ವಸ್ತುವಿನ ಆಕಾರವೊಂದೇ ಪಾಪವನ್ನು ನಿರ್ಣಯಿಸುವುದೂ ಇಲ್ಲ. ಅರಳುವ ಗುಂಡು ದೇಹವನ್ನು ದಾಟಿ ಹಿಂದೆ ನಿಂತ ನಿರಪರಾಧಿಗೆ ತಾಗುವ ಸಂಭವ ಕಡಿಮೆಯೆಂದು ಹಲವು ದೇಶಗಳ ಪೊಲೀಸರು ಅದನ್ನೇ ಆರಿಸಿಕೊಳ್ಳುತ್ತಾರೆ; ಅಲ್ಲಿ ಅಪ್ರಮಾದದ ಒಂದು ಅಂಶವಿದೆ. ಆದರೆ ಭರತ-ಬಾಹುಬಲಿಗಳ ಪ್ರಸಂಗವನ್ನು ನೆನೆಯಿರಿ. ಮಂತ್ರಿಗಳು ಯಾವ ಆಯುಧ ತಕ್ಕದ್ದೆಂದು ಚರ್ಚಿಸಲಿಲ್ಲ. ಸೈನ್ಯಗಳು ಹೋರಾಡುವ ಅವಶ್ಯಕತೆಯೇ ಇದೆಯೆ ಎಂದು ಪ್ರಶ್ನಿಸಿದರು. ಅವಶ್ಯಕತೆಯನ್ನೇ ಪರೀಕ್ಷಿಸುವುದು ನಮ್ಮ ಪರಂಪರೆ.

ಆ ಪರೀಕ್ಷೆಯನ್ನು ಈಗ ನಮಗೆ ನಾವೇ ಅನ್ವಯಿಸಿಕೊಳ್ಳೋಣ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹೇಳುವ ಐದು ಅನರ್ಥದಂಡಗಳಲ್ಲಿ ಹಿಂಸಾದಾನವೂ ಒಂದು. ಕೊಡಲಿ, ಖಡ್ಗ, ಬೆಂಕಿ, ಸಂಕೋಲೆ ಮುಂತಾದ ವಧೋಪಕರಣಗಳನ್ನು ಪರರಿಗೆ ಒದಗಿಸುವುದೇ ಹಿಂಸಾದಾನ, ಬಳಸುವುದಲ್ಲ, ಒದಗಿಸುವುದು. ನಮ್ಮ ದೇಶದಲ್ಲಿ 2001ರಲ್ಲಿ ರಕ್ಷಣಾ ಉತ್ಪಾದನೆಯು ಖಾಸಗಿಯವರಿಗೆ ತೆರೆಯಿತು. ಇಂದು ಆಯುಧ, ಮದ್ದುಗುಂಡು ತಯಾರಿಸುವ ಕಂಪನಿಗಳ ಷೇರುಗಳು ಪೇಟೆಯಲ್ಲಿ ಎಲ್ಲರಿಗೂ ಸಿಗುತ್ತವೆ. ಮ್ಯೂಚುವಲ್ ಫಂಡುಗಳ ಮೂಲಕ ಅರಿವಿಲ್ಲದೆಯೂ ಕೈಸೇರುತ್ತವೆ. ಯೋಧನಿಗೆ ದೇಶರಕ್ಷಣೆಯೆಂಬ ಪ್ರಯೋಜನವಿದೆ. ಅಕ್ಕಿ, ಬಟ್ಟೆ, ಔಷಧದ ವ್ಯಾಪಾರದಲ್ಲಿ ತೊಡಗಿಸಬಹುದಾದ ಹಣವನ್ನು ಗುಂಡಿನ ಲಾಭಕ್ಕಾಗಿ ಹೂಡುವ ಶ್ರಾವಕನಿಗೆ ಯಾವ ಪ್ರಯೋಜನವಿದೆ? ಲೋಭವನ್ನು ಬಿಟ್ಟರೆ ಮತ್ತೊಂದು ಉತ್ತರ ನನಗೆ ಹೊಳೆಯದು.

ಇದೇ ದಮ್‌ದಮ್‌ನಲ್ಲಿಯೇ 1857ರ ಜನವರಿಯಲ್ಲಿ ಹೊಸ ತೋಟಾಗಳಿಗೆ ಹಸು-ಹಂದಿಗಳ ಕೊಬ್ಬನ್ನು ಸವರಿದ್ದಾರೆಂಬ ಸುದ್ದಿ ಹಬ್ಬಿ ಸಿಪಾಯಿಗಳು ಕೆರಳಿದರು. ಬಾಯಿಗೆ ತಾಗುವ ಕೊಬ್ಬಿನ ಬಗ್ಗೆ ಅವರಿಗೆ ಉಂಟಾದ ವ್ಯಥೆ ಅರ್ಥವಾಗುವಂಥದ್ದೇ. ಆ ತೋಟಾದೊಳಗಿನ ಸೀಸದ ಬಗ್ಗೆ ಯಾರಿಗೂ ವ್ಯಥೆಯಾದಂತೆ ಕಾಣದು. ನೀರು ಸೋಸಿ ಕುಡಿಯುವ, ಕಂದಮೂಲ ಬಿಡುವ, ಸೂರ್ಯಾಸ್ತಕ್ಕೆ ಮೊದಲೇ ಉಣ್ಣುವ ನಾವೂ ಬಾಯಿಯ ಶುದ್ಧಿಯಲ್ಲಿ ಎಚ್ಚರವಿದ್ದೇವೆ. ಹಣದ ಶುದ್ಧಿಯಲ್ಲಿ ಅಷ್ಟು ಎಚ್ಚರವಿದೆಯೆ?

ಬಸದಿಗಳ ಆಡಳಿತ ಮಂಡಳಿಗಳಿಗೆ ನನ್ನ ವಿನಂತಿ ಚಿಕ್ಕದು. ವಾರ್ಷಿಕ ಸಭೆಯಲ್ಲಿ ಲೆಕ್ಕಪತ್ರ ಓದುವಾಗ, ನಿಧಿ ಎಲ್ಲಿ ಹೂಡಲ್ಪಟ್ಟಿದೆ, ಅದರಿಂದ ಏನು ತಯಾರಾಗುತ್ತದೆ ಎಂಬ ಒಂದು ಸಾಲನ್ನು ಸೇರಿಸಿರಿ. ಮನೆಯ ಯಜಮಾನರೂ ದಶಲಕ್ಷಣ ಪರ್ವದ ಶೌಚ ಧರ್ಮದ ದಿನ ತಮ್ಮ ಷೇರು ಪತ್ರಗಳನ್ನು ಒಮ್ಮೆ ಬಿಚ್ಚಿ ನೋಡಲಿ. ತಕ್ಕಡಿಯನ್ನು ಹಿಡಿಯುವವರು ನಾವೇ ಆದ್ದರಿಂದ ಮುಳ್ಳನ್ನು ಇನ್ನೊಮ್ಮೆ ನೋಡುವುದು ಒಳ್ಳೆಯದು.